ಹಂಚಿಕೊಂಡಿದ್ದ ಬಾಡಿಗೆ ಮನೆಯನ್ನು ಬಿಡುವ ಕ್ರಮ: ಕಲಬುರಗಿಯ ಗೆಳೆಯರಿಗೆ, ಸಹೋದ್ಯೋಗಿಗಳಿಗೆ

ಕಲಬುರಗಿಯಲ್ಲಿ ಹೊರಗಿನಿಂದ ಬಂದು ದುಡಿಯುವವರು ಬಹಳ ಜನ. ಹೈಕೋರ್ಟಿನ ಪೀಠ, ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ, ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಮತ್ತು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿಗಳು, ವೈದ್ಯಕೀಯ ಕಾಲೇಜುಗಳು, ಬ್ಯಾಂಕುಗಳು ಇವೆಲ್ಲ ಸೇರಿ ಬೇರೆ ಬೇರೆ ಜಿಲ್ಲೆಗಳ ಜನರನ್ನು ಇಲ್ಲಿಗೆ ಕರೆತರುತ್ತವೆ. ಸೇಡಂ ರಸ್ತೆಯ ಆಸುಪಾಸು, ಜೇವರ್ಗಿ ಕಾಲೊನಿ, ಗೋದುತಾಯಿ ನಗರ ಮುಂತಾದ ಕಡೆ ಮೂವರೋ ನಾಲ್ವರೋ ಸೇರಿ ಒಂದು ಮನೆ ಹಿಡಿದು ವರ್ಷಗಟ್ಟಲೆ ಒಟ್ಟಿಗೆ ಉಂಡು ಮಲಗುತ್ತಾರೆ. ಆಮೇಲೆ ಒಬ್ಬರಿಗೆ ವರ್ಗಾವಣೆಯಾಗುತ್ತದೆ, ಇನ್ನೊಬ್ಬರಿಗೆ ಮದುವೆ ಗೊತ್ತಾಗುತ್ತದೆ, ಅಥವಾ ಮಾಲೀಕರೇ ತಮ್ಮ ಮಗನಿಗಾಗಿ ಮನೆ ಬೇಕೆನ್ನುತ್ತಾರೆ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಮೊದಲು ಅದ್ದೂರಿ ಊಟ, ಫೋಟೊ, ಕಣ್ಣೀರು, ಅದಾದ ಎರಡು ತಿಂಗಳಿಗೆ ಡಿಪಾಸಿಟ್ ಎಷ್ಟು ಬಂತು, ಕೂಲರ್ ಯಾರ ಪಾಲಾಯಿತು, ಕೊನೆಯ ಕರೆಂಟ್ ಬಿಲ್ ಯಾರು ಕಟ್ಟಿದರು ಎಂಬ ಫೋನ್ ಮಾತುಗಳು. ಈ ಬರಹ ಅದಕ್ಕೆ ವಿರುದ್ಧವಾದ ಕ್ರಮವನ್ನು ಸೂಚಿಸುತ್ತದೆ. ಹೆಸರುಗಳ ಬದಲಾವಣೆ ಮತ್ತು ಹಣದ ಹಂಚಿಕೆ ಹೇಗೆಂಬುದು ಪೂರ್ತಿ ಇತ್ಯರ್ಥವಾದ ಮೇಲೆಯೇ ಬೀಳ್ಕೊಡುಗೆಯ ಊಟಕ್ಕೆ ದಿನ ಗೊತ್ತುಮಾಡಬೇಕು. ಅದು ಇತ್ಯರ್ಥವಾಗಿದ್ದರೆ ಊಟದ ದಿನ ಯಾರ ಮನಸ್ಸಿನಲ್ಲಿಯೂ ಬೇರೆ ಮಾತು ಇರುವುದಿಲ್ಲ.

ಯಾರಿಗೆ ಮೊದಲು ತಿಳಿಸಬೇಕು

ಮನೆ ಬಿಡುವ ಸುದ್ದಿ ಮೊದಲು ಜೊತೆಗಿರುವವರಿಗೆ, ನಂತರ ಮಾಲೀಕರಿಗೆ, ಕೊನೆಗೆ ಕಚೇರಿಗೆ ಮುಟ್ಟಬೇಕು. ಸಹೋದ್ಯೋಗಿಗಳೇ ಜೊತೆಗಾರರಾಗಿದ್ದಾಗ ಈ ಕ್ರಮ ಸುಲಭವಾಗಿ ತಪ್ಪುತ್ತದೆ. ವರ್ಗಾವಣೆಗೆ ಅರ್ಜಿ ಹಾಕಿದ್ದು ಕಚೇರಿಯ ಚಹಾದ ವೇಳೆ ಮೂರನೆಯವರ ಬಾಯಿಂದ ತಿಳಿದರೆ, ಒಂದೇ ಸೂರಿನಡಿ ಇರುವವರಿಗೆ ಸಹಜವಾಗಿಯೇ ನೋವಾಗುತ್ತದೆ. ಆದೇಶ ಬರುವುದು ಖಚಿತವಿಲ್ಲದಿದ್ದರೂ ಅರ್ಜಿ ಹಾಕಿದ ದಿನವೇ ಮನೆಯಲ್ಲಿ ಒಂದು ಮಾತು ಹೇಳಿಡುವುದು ಒಳ್ಳೆಯದು. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಲು ಉಳಿದವರಿಗೆ ಸಮಯ ಬೇಕಾಗುತ್ತದೆ, ಮತ್ತು ಹುಡುಕುವ ಹೊಣೆಯಲ್ಲಿ ಹೋಗುವವರ ಪಾಲೂ ಇದೆ.

ಮಾಲೀಕರಿಗೆ ಮೊದಲು ಬಾಯಿಮಾತಿನಲ್ಲಿ, ಅವರ ಮನೆಗೇ ಹೋಗಿ ತಿಳಿಸಬೇಕು. “ಕಾಕಾ, ಮುಂದಿನ ತಿಂಗಳ ನಾವು ಮನಿ ಖಾಲಿ ಮಾಡ್ತೀವ್ರಿ” ಎಂದು ಎದುರು ಕುಳಿತು ಹೇಳಿದ ಮಾತಿಗೆ ಸಿಗುವ ಸ್ಪಂದನೆ ಮೊಬೈಲ್ ಸಂದೇಶಕ್ಕೆ ಸಿಗುವುದಿಲ್ಲ. ಆದರೆ ಬಾಯಿಮಾತು ಒಂದೇ ಸಾಲದು. ಅದೇ ದಿನ ಪತ್ರವನ್ನೂ ಕೊಟ್ಟು, ಅದರ ಪ್ರತಿಯ ಮೇಲೆ ದಿನಾಂಕದೊಂದಿಗೆ ಅವರ ಸಹಿ ಪಡೆಯಬೇಕು. ಎಷ್ಟು ದಿನ ಮುಂಚೆ ತಿಳಿಸಬೇಕೆಂಬುದು ಕರಾರು ಪತ್ರದಲ್ಲಿ ಇರುತ್ತದೆ. ಹೆಚ್ಚಿನ ಕರಾರುಗಳಲ್ಲಿ ಒಂದು ತಿಂಗಳು. ಬರಹದ ಕರಾರು ಇಲ್ಲದೆ ತಿಂಗಳ ಬಾಡಿಗೆಯ ಮೇಲೆ ಇದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ 15 ದಿನಗಳ ನೋಟಿಸು ಬೇಕು. ಆದರೂ ಒಂದು ತಿಂಗಳ ಅವಕಾಶ ಕೊಡುವುದೇ ಸೌಜನ್ಯ. ಪತ್ರ ಚಿಕ್ಕದಾಗಿದ್ದರೆ ಸಾಕು:

“ಮಾನ್ಯರೇ, ಕರಾರು ಪತ್ರದಂತೆ ತಮ್ಮ ಮನೆಯಲ್ಲಿ ಬಾಡಿಗೆಗೆ ಇರುವ ನಾವು, ವರ್ಗಾವಣೆಯ ಕಾರಣದಿಂದ ಬರುವ ತಿಂಗಳ 30ರಂದು ಮನೆಯನ್ನು ಖಾಲಿ ಮಾಡಿ ಎಲ್ಲ ಕೀಲಿಕೈಗಳನ್ನು ತಮಗೆ ಒಪ್ಪಿಸುತ್ತೇವೆ. ಅಂದಿನವರೆಗಿನ ಬಾಡಿಗೆಯನ್ನೂ ವಿದ್ಯುತ್ ಮತ್ತು ನೀರಿನ ಬಿಲ್ಲುಗಳನ್ನೂ ನಾವೇ ಪಾವತಿಸುತ್ತೇವೆ. ಆ ದಿನ ತಾವಾಗಲಿ ತಮ್ಮ ಕಡೆಯವರಾಗಲಿ ಬಂದು ಮನೆಯನ್ನು ನೋಡಿಕೊಂಡು, ನಮ್ಮ ಡಿಪಾಸಿಟ್ ಹಣವನ್ನು ಕೆಳಗೆ ತಿಳಿಸಿದ ಖಾತೆಗೆ ಹಿಂದಿರುಗಿಸಬೇಕೆಂದು ವಿನಂತಿಸುತ್ತೇವೆ.”

ಇದಕ್ಕೆ ಮನೆಯಲ್ಲಿರುವ ಎಲ್ಲರೂ ಸಹಿ ಹಾಕಬೇಕು. ಒಬ್ಬರು ಮಾತ್ರ ಹೋಗುತ್ತಿದ್ದು ಉಳಿದವರು ಇರುವುದಾದರೆ ಪತ್ರದಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು. ಕರಾರು ಹೋಗುವವರ ಹೆಸರಿನಲ್ಲಿಯೇ ಇದ್ದರೆ ಉಳಿಯುವವರ ಹೆಸರಿಗೆ ಹೊಸ ಕರಾರು ಆಗಲೇಬೇಕು. ಇಲ್ಲದಿದ್ದರೆ ನೀವು ರಾಯಚೂರಿನಲ್ಲೋ ಮೈಸೂರಿನಲ್ಲೋ ಕುಳಿತು ಇಲ್ಲಿಯ ಮನೆಯ ಬಾಡಿಗೆಗೆ ಹೊಣೆಗಾರರಾಗಿಯೇ ಉಳಿಯುತ್ತೀರಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂಬ ನಿಯಮದ ಕಾರಣ ಕರಾರುಗಳನ್ನು 11 ತಿಂಗಳಿಗೆ ಬರೆಸುವ ರೂಢಿಯಿದೆ. ಆ ಅವಧಿ ಮುಗಿದು, ಯಾರೂ ನವೀಕರಿಸದೆ, ಹಳೆಯ ಪತ್ರವೇ ಪೆಟ್ಟಿಗೆಯಲ್ಲಿ ಬಿದ್ದಿರುವ ಮನೆಗಳೇ ಹೆಚ್ಚು. ಹೊಸ ಕರಾರು ಬರೆಸಲು ಇದೇ ಸರಿಯಾದ ಸಮಯ.

ದಿನ ಗೊತ್ತುಮಾಡುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಅಮಾವಾಸ್ಯೆಯಂದು, ಮಂಗಳವಾರ ಅಥವಾ ಶುಕ್ರವಾರ ಮನೆ ಖಾಲಿ ಮಾಡುವುದು ಅನೇಕ ಮಾಲೀಕರಿಗೆ ಒಪ್ಪಿಗೆಯಾಗುವುದಿಲ್ಲ. ನಿಮಗೆ ನಂಬಿಕೆ ಇರಲಿ ಬಿಡಲಿ, ಕೇಳಿಕೊಳ್ಳುವುದರಿಂದ ನಷ್ಟವಿಲ್ಲ. ಎರಡನೆಯದು ನೀರು. ದಿನವೂ ನಲ್ಲಿ ನೀರು ಬಾರದ ಬಡಾವಣೆಯಲ್ಲಿದ್ದರೆ, ನೀರು ಬಿಡುವ ದಿನದ ಮರುದಿನಕ್ಕೆ ಮನೆ ತೊಳೆಯುವ ಕೆಲಸ ಬರುವಂತೆ ನೋಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಖಾಲಿ ಡ್ರಮ್ಮಿನ ಮುಂದೆ ಪೊರಕೆ ಹಿಡಿದು ನಿಲ್ಲುವ ಸ್ಥಿತಿ ಯಾರಿಗೂ ಬೇಡ.

ಯಾವುದು ಯಾರ ಹೆಸರಿನಲ್ಲಿದೆ

ಒಂದು ಹಾಳೆ ತೆಗೆದುಕೊಂಡು, ಈ ಮನೆಗೆ ಅಂಟಿಕೊಂಡಿರುವ ಹೆಸರುಗಳನ್ನೆಲ್ಲ ಬರೆಯಿರಿ: ಬಾಡಿಗೆ ಕರಾರು, ಗ್ಯಾಸ್ ಸಂಪರ್ಕ, ಇಂಟರ್‌ನೆಟ್, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಜೋಡಿಸಿದ ಆಧಾರ್, ಕುಡಿಯುವ ನೀರಿನ ಕ್ಯಾನಿನವನ ಬಳಿಯ ಮುಂಗಡ, ಕಿರಾಣಿ ಅಂಗಡಿಯ ಉದ್ರಿ ಖಾತೆ, ಪತ್ರಿಕೆ. ಪ್ರತಿಯೊಂದರ ಮುಂದೆ ಅದು ಮುಚ್ಚಬೇಕಾದದ್ದೋ, ಬೇರೆಯವರ ಹೆಸರಿಗೆ ಹೋಗಬೇಕಾದದ್ದೋ ಎಂದು ಗುರುತಿಸಿ. ಮನೆಯನ್ನು ಮೊದಲು ಹಿಡಿದವರು ಒಬ್ಬರಾಗಿ, ಇಂದು ಇರುವವರು ಬೇರೆಯವರಾಗಿರುವ ಮನೆಗಳಲ್ಲಿ ಈ ಹಾಳೆ ತುಂಬಿದಾಗ ಕೆಲವು ಅಚ್ಚರಿಗಳು ಕಾದಿರುತ್ತವೆ. ಎಂದೋ ಊರು ಬಿಟ್ಟವರ ಹೆಸರಿನಲ್ಲಿಯೇ ಸಿಲಿಂಡರ್ ಬರುತ್ತಿರುವುದು ಅಪರೂಪವೇನಲ್ಲ.

ಇವುಗಳಲ್ಲಿ ಹೆಚ್ಚು ಗಮನ ಬೇಕಾದದ್ದು ಗೃಹಜ್ಯೋತಿ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಮೀಟರಿನ ಆರ್.ಆರ್. ಸಂಖ್ಯೆಗೆ ಮನೆಯಲ್ಲಿರುವ ಒಬ್ಬರ ಆಧಾರ್ ಜೋಡಣೆಯಾಗಿರುತ್ತದೆ. ಆ ಒಬ್ಬರು ಮನೆ ಬಿಟ್ಟು ಬೇರೆ ಊರಿಗೆ ಹೋದಾಗ, ಹಳೆಯ ಜೋಡಣೆಯನ್ನು ತೆಗೆಯದಿದ್ದರೆ ಹೊಸ ಮನೆಯಲ್ಲಿ ಅವರಿಗೆ ಸೌಲಭ್ಯ ಸಿಗುವುದಿಲ್ಲ. ಈ ತೊಡಕು ಹೆಚ್ಚಾದ ಮೇಲೆ 2024ರಲ್ಲಿ ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡುವ ಅವಕಾಶವನ್ನು ಕೊಡಲಾಗಿದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬೇಕಾಗುವುದರಿಂದ ಈ ಕೆಲಸವನ್ನು ಹೋಗುವವರು ಊರಲ್ಲಿದ್ದಾಗಲೇ, ಉಳಿಯುವವರ ಎದುರಿನಲ್ಲಿಯೇ ಮುಗಿಸುವುದು ಉತ್ತಮ. ಬಳಿಕ ಉಳಿಯುವವರಲ್ಲಿ ಒಬ್ಬರು ತಡಮಾಡದೆ ತಮ್ಮ ಆಧಾರ್‌ನೊಂದಿಗೆ ಹೊಸದಾಗಿ ಅರ್ಜಿ ಹಾಕಬೇಕು.

ಗ್ಯಾಸಿನ ವಿಷಯವೂ ಹೆಸರಿಗೆ ಸೇರಿದ್ದೇ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರೇ ಬೇರೆ ಊರಿಗೆ ಹೋಗುತ್ತಿದ್ದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್‌ಗಳನ್ನು ಇಲ್ಲಿಯ ಏಜೆನ್ಸಿಗೆ ಒಪ್ಪಿಸಿ, ಸಂಪರ್ಕ ಪಡೆದಾಗ ಕೊಟ್ಟ ಚೀಟಿಯಂತೆ ಠೇವಣಿಯನ್ನು ಹಿಂಪಡೆದು, ವರ್ಗಾವಣೆಯ ಪತ್ರವನ್ನು ತೆಗೆದುಕೊಂಡು ಹೋಗಬೇಕು. ಹೊಸ ಊರಿನಲ್ಲಿ ಅದನ್ನು ತೋರಿಸಿ ಅಂದಿನ ಠೇವಣಿ ಕಟ್ಟಿದರೆ ಸಂಪರ್ಕ ಮುಂದುವರಿಯುತ್ತದೆ. ಇದೇ ಊರಿನ ಇನ್ನೊಂದು ಬಡಾವಣೆಗೆ ಹೋಗುವವರು ಸಿಲಿಂಡರನ್ನು ಒಪ್ಪಿಸಬೇಕಾಗಿಲ್ಲ, ವಿಳಾಸ ಮತ್ತು ಏಜೆನ್ಸಿಯ ಬದಲಾವಣೆ ಸಾಕು. “ಇರಲಿ, ನೀವೇ ಬಳಸಿಕೊಳ್ಳಿ” ಎಂದು ಗೆಳೆಯರಿಗೆ ಸಿಲಿಂಡರ್ ಬಿಟ್ಟುಹೋಗುವ ಔದಾರ್ಯ ನೋಡಲು ಚೆನ್ನಾಗಿದ್ದರೂ ಸರಿಯಲ್ಲ. ಮುಂದೆ ಏನಾದರೂ ಅನಾಹುತವಾದರೆ ಕಾಗದದಲ್ಲಿರುವ ಹೆಸರು ನಿಮ್ಮದೇ.

ಡಿಪಾಸಿಟ್ ಹಂಚಿಕೆ

ಇಡೀ ಮನೆ ಒಮ್ಮೆಗೇ ಖಾಲಿಯಾಗುವುದಾದರೆ ಲೆಕ್ಕ ನೇರವಾಗಿದೆ. ಯಾರು ಎಷ್ಟು ಕೊಟ್ಟಿದ್ದರೋ ಅದೇ ಪ್ರಮಾಣದಲ್ಲಿ ಹಣ ಹಿಂದಿರುಗಬೇಕು, ಮಾಲೀಕರು ಹಿಡಿದ ಮೊತ್ತವನ್ನು ಅದರ ಕಾರಣ ನೋಡಿ ಹಂಚಬೇಕು. ಉದಾಹರಣೆಗೆ, ನಾಲ್ವರು ತಲಾ 15,000 ರೂಪಾಯಿಯಂತೆ 60,000 ಕೊಟ್ಟಿದ್ದಾರೆ. ಮಾಲೀಕರು ಸುಣ್ಣಬಣ್ಣಕ್ಕೆ 4,000, ಒಡೆದ ಬೇಸಿನ್‌ಗೆ 2,000 ಹಿಡಿದು 54,000 ಕೊಡುತ್ತಾರೆ ಎಂದುಕೊಳ್ಳಿ. ಬಣ್ಣದ ಖರ್ಚು ನಾಲ್ವರಿಗೂ ಸಮ, ಆದರೆ ಬೇಸಿನ್ ಒಡೆದವರು ಒಬ್ಬರೇ. ಆದ್ದರಿಂದ ಮೂವರಿಗೆ ತಲಾ 14,000, ಒಬ್ಬರಿಗೆ 12,000 ಬರುತ್ತದೆ. ಬೇಸಿನ್ ಯಾರಿಂದ ಒಡೆಯಿತೆಂಬುದು ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ಸಂದರ್ಭದಲ್ಲಿ, ಒಡೆದವರೇ ಮೊದಲು ಹೇಳಿದರೆ ಮರ್ಯಾದೆ ಹೆಚ್ಚು.

ಒಬ್ಬರು ಹೋಗಿ ಇನ್ನೊಬ್ಬರು ಬರುವಾಗ ಲೆಕ್ಕ ಸೂಕ್ಷ್ಮವಾಗುತ್ತದೆ. ಸಾಮಾನ್ಯ ರೂಢಿಯಂತೆ ಬರುವವರು ಹೋಗುವವರಿಗೆ 15,000 ಕೊಡುತ್ತಾರೆ, ಮಾಲೀಕರ ಬಳಿಯ ಹಣ ಅಲುಗುವುದಿಲ್ಲ. ಇದರಲ್ಲಿ ಒಂದು ಅನ್ಯಾಯ ಅಡಗಿದೆ. ಎರಡು ವರ್ಷದ ನಂತರ ಮನೆ ಖಾಲಿಯಾದಾಗ ಗೋಡೆಯ ಹಳೆಯ ಕಲೆಗಳಿಗೂ ಮುರಿದ ಚಿಲಕಕ್ಕೂ ಹಣ ಕಳೆದುಕೊಳ್ಳುವವರು ಆಗ ಇರುವವರು; ಅವುಗಳಿಗೆ ಕಾರಣರಾದವರು ಪೂರ್ತಿ ಹಣ ಪಡೆದು ಹೋಗಿ ಆಗಿರುತ್ತದೆ. ಅದಕ್ಕಾಗಿ, ಹೊಸಬರು ಬರುವ ದಿನ ಮನೆಯ ಪ್ರತಿಯೊಂದು ಗೋಡೆ, ಬಾಗಿಲು, ನಲ್ಲಿ, ಸ್ವಿಚ್ ಬೋರ್ಡುಗಳ ಫೋಟೊ ತೆಗೆದು ಎಲ್ಲರೂ ಇಟ್ಟುಕೊಳ್ಳಬೇಕು. ಅಂದಿನವರೆಗಿನ ಹಾನಿಗೆ ಹೋಗುವವರ ಪಾಲೆಂದು ಒಂದು ಮೊತ್ತವನ್ನು ಒಪ್ಪಿಕೊಂಡು ಅಷ್ಟನ್ನು ಕಡಿಮೆ ಪಡೆಯಬೇಕು. ಸಾವಿರ ರೂಪಾಯಿಯ ಈ ಚೌಕಾಸಿ ಮುಜುಗರದ್ದು ಅನಿಸಬಹುದು, ಆದರೆ ಹೊಸದಾಗಿ ಬರುವವರು ನಿಮ್ಮ ಗೆಳೆಯರಲ್ಲ, ಅವರ ಪರವಾಗಿ ಮಾತಾಡುವವರು ಆ ಮನೆಯಲ್ಲಿ ಯಾರೂ ಇರುವುದಿಲ್ಲ. ಹಣ ಕೈ ಬದಲಾದದ್ದನ್ನು ಮಾಲೀಕರಿಗೂ ತಿಳಿಸಿ, ಅವರಿಂದ “ಇನ್ನು ಮುಂದೆ ಡಿಪಾಸಿಟ್‌ನಲ್ಲಿ ಇಂಥವರ ಪಾಲು ಇಷ್ಟು” ಎಂದು ಎರಡು ಸಾಲು ಬರೆಸಿಕೊಳ್ಳಬೇಕು.

ಮಾಲೀಕರು ಏನನ್ನು ಹಿಡಿಯಬಹುದು ಎಂಬ ಪ್ರಶ್ನೆಯೂ ಇದೆ. ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲಿ ಮರಳಿಸಬೇಕು, ಆದರೆ ಸಹಜವಾದ ಸವೆತವನ್ನು ಅದರಿಂದ ಬಿಡಲಾಗಿದೆ. ಬಿಸಿಲಿಗೆ ಬಣ್ಣ ಮಾಸಿದ್ದು, ಬಳಸಿ ಬಳಸಿ ನಲ್ಲಿಯ ವಾಷರ್ ಸವೆದದ್ದು ಸಹಜ ಸವೆತ. ಒಡೆದ ಗಾಜು, ಸುಟ್ಟ ಅಡುಗೆ ಕಟ್ಟೆ, ಗೋಡೆಗೆ ಹೊಡೆದ ಹತ್ತಾರು ಮೊಳೆಗಳು ಹಾನಿ. ಆದರೆ ಕರಾರಿನಲ್ಲಿ “ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆ ಹಿಡಿಯತಕ್ಕದ್ದು” ಎಂದು ಬರೆದು ಸಹಿ ಹಾಕಿದ್ದರೆ ವಾದಕ್ಕೆ ಹೆಚ್ಚು ಜಾಗವಿರುವುದಿಲ್ಲ. ಡಿಪಾಸಿಟ್ಟನ್ನು ಕೊನೆಯ ತಿಂಗಳುಗಳ ಬಾಡಿಗೆಗೆ ಮುರಿದುಕೊಳ್ಳಿ ಎಂದು ಹೇಳಿ ಬಾಡಿಗೆ ನಿಲ್ಲಿಸುವ ಅಭ್ಯಾಸ ಹಲವರಲ್ಲಿದೆ. ಮಾಲೀಕರು ತಾವಾಗಿ ಒಪ್ಪಿದರೆ ಸರಿ, ಇಲ್ಲದಿದ್ದರೆ ಅದು ಕರಾರನ್ನು ಮುರಿದಂತೆಯೇ.

ಮನೆ ಬಾಡಿಗೆ ಭತ್ಯೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಪಡೆಯುವವರು ಹೊರಡುವ ಮೊದಲು ತಮ್ಮ ಪಾಲಿನ ಬಾಡಿಗೆಗೆ ಅಂದಿನವರೆಗಿನ ರಸೀದಿಗಳನ್ನು ಮಾಲೀಕರಿಂದ ಪಡೆದುಕೊಳ್ಳಬೇಕು. ನೀವು ವರ್ಷಕ್ಕೆ ಕೊಟ್ಟ ಬಾಡಿಗೆ ಒಂದು ಲಕ್ಷ ರೂಪಾಯಿ ಮೀರಿದ್ದರೆ ಮಾಲೀಕರ ಪ್ಯಾನ್ ಸಂಖ್ಯೆಯೂ ಬೇಕು. ಮಾರ್ಚಿಯಲ್ಲಿ ದೂರದಿಂದ ಫೋನ್ ಮಾಡಿ ಕೇಳಿದರೆ ಅದು ಸಿಗುವುದು ಕಷ್ಟ.

ಒಟ್ಟಿಗೆ ಕೊಂಡ ಸಾಮಾನುಗಳು

ಈ ಊರಿನ ಹಂಚಿಕೆಯ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳ ತರುವ ವಸ್ತು ಕೂಲರ್. ಬೇಸಿಗೆಯಲ್ಲಿ ಅದಿಲ್ಲದೆ ಇಲ್ಲಿ ರಾತ್ರಿ ಕಳೆಯದು. ಆದ್ದರಿಂದ ಮನೆ ಹಿಡಿದ ಮೊದಲ ಮಾರ್ಚಿಯಲ್ಲೇ ಎಲ್ಲರೂ ಹಣ ಹಾಕಿ ಕೊಂಡಿರುತ್ತಾರೆ. ಹೋಗುವವರು ಅದನ್ನು ಬೆಂಗಳೂರಿಗೆ ಒಯ್ದು ಮಾಡುವುದೇನೂ ಇಲ್ಲ, ಹಾಗೆಂದು ಅವರ ಪಾಲನ್ನು ಮರೆತುಬಿಡುವುದೂ ನ್ಯಾಯವಲ್ಲ.

ಬೆಲೆ ಕಟ್ಟುವುದಕ್ಕೆ ನಾನು ಒಪ್ಪುವ ಕ್ರಮ ಚೀಟಿಯದು. ವಸ್ತುವಿನಲ್ಲಿ ಪಾಲಿರುವ ಪ್ರತಿಯೊಬ್ಬರೂ ತಾವು ಅದನ್ನು ಎಷ್ಟಕ್ಕೆ ಕೊಳ್ಳಲು ಸಿದ್ಧರೆಂದು ಚೀಟಿಯಲ್ಲಿ ಬರೆದು ಮಡಚಿ ಹಾಕಬೇಕು. ಹೆಚ್ಚು ಬರೆದವರಿಗೆ ವಸ್ತು. ಅವರು ಉಳಿದವರ ಪಾಲನ್ನು ಕೊಡಬೇಕು. ಮೂವರು ಸೇರಿ ಕೊಂಡ ಕೂಲರಿಗೆ 3,500, 4,000 ಮತ್ತು 4,500 ಎಂದು ಬರೆದಿದ್ದರೆ, 4,500 ಬರೆದವರು ಉಳಿದಿಬ್ಬರಿಗೆ ತಲಾ 1,500 ಕೊಟ್ಟು ಕೂಲರನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಕೊಂಡ ಬೆಲೆ ಎಷ್ಟಿತ್ತು, ಎಷ್ಟು ಬೇಸಿಗೆ ಓಡಿತು ಎಂಬ ವಾದಗಳಿಗೆ ಇಲ್ಲಿ ಎಡೆಯಿಲ್ಲ. ಫ್ರಿಜ್, ಇನ್ವರ್ಟರ್, ವಾಷಿಂಗ್ ಮಷೀನ್‌ಗಳಿಗೂ ಇದೇ ಕ್ರಮ ಹೊಂದುತ್ತದೆ. ನಡುವೆ ಸೇರಿಕೊಂಡವರಿಗೆ, ಅವರು ಹಿಂದಿನವರ ಪಾಲನ್ನು ಹಣ ಕೊಟ್ಟು ಪಡೆದಿದ್ದರೆ ಮಾತ್ರ ಚೀಟಿ ಹಾಕುವ ಹಕ್ಕು. ಬಳಸಿದ ಮಾತ್ರಕ್ಕೆ ಪಾಲು ಹುಟ್ಟುವುದಿಲ್ಲ. ಇದನ್ನು ಬಿಡಿಸಿ ಹೇಳಲು ಸಂಕೋಚವಾಗುತ್ತದೆ, ಆದರೆ ಹೇಳಲೇಬೇಕು.

ಪಾತ್ರೆ, ಹಂಚು, ಲಟ್ಟಣಿಗೆ, ಬಕೆಟ್ಟುಗಳಿಗೆ ಬೆಲೆ ಕಟ್ಟುತ್ತ ಕೂರಬಾರದು. ಉಳಿಯುವವರಿಗೆ ಬಿಡಿ, ಎಲ್ಲರೂ ಹೋಗುವುದಾದರೆ ಮನೆಗೆಲಸಕ್ಕೆ ಬರುತ್ತಿದ್ದವರಿಗೆ ಬೇಕಾದ್ದನ್ನು ಆರಿಸಿಕೊಳ್ಳಲು ಹೇಳಿ. ಒಂದು ಎಚ್ಚರ: ಮುರಿದದ್ದನ್ನೂ ಹರಿದದ್ದನ್ನೂ ಅವರ ಕೈಗೆ ತುಂಬಿ ಕಳಿಸುವುದು ಕೊಡುಗೆಯಲ್ಲ. ಅದನ್ನು ಗುಜರಿಯವನಿಗೆ ಕೊಡಿ.

ಯಾರ ಪಾಲಿಗೆ ಬಂದರೂ ಕೂಲರನ್ನು ಒಳಗಿಡುವ ಮೊದಲು ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ತಳ ಉಜ್ಜಿ, ಹುಲ್ಲಿನ ಪ್ಯಾಡುಗಳನ್ನು ಬಿಸಿಲಿಗೆ ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲಿ. ಫ್ರಿಜ್ಜನ್ನು ಸಾಗಿಸುವುದಿದ್ದರೆ ಹಿಂದಿನ ದಿನವೇ ಆರಿಸಿ, ಹಿಮ ಕರಗಿಸಿ, ಒರೆಸಿ, ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಇನ್ವರ್ಟರ್ ಬ್ಯಾಟರಿಯೂ ಹಾಗೆಯೇ, ಓರೆಯಾದರೆ ಆಮ್ಲ ಚೆಲ್ಲುತ್ತದೆ.

ಕೊನೆಯ ಕರೆಂಟ್ ಬಿಲ್

ತಿಂಗಳ ನಡುವೆ ಹೊರಡುವವರು ಆ ದಿನ ಮೀಟರ್ ಓದಿ ಫೋಟೊ ತೆಗೆದಿಡಬೇಕು. ಗೃಹಜ್ಯೋತಿಯಲ್ಲಿ ಆ ಮೀಟರಿಗೆ ನಿಗದಿಯಾದ ಸರಾಸರಿಯೊಳಗಿನ ಬಳಕೆಗೆ ಬಿಲ್ ಇಲ್ಲ. ಅದನ್ನು ಮೀರಿದರೂ 200 ಯೂನಿಟ್ ದಾಟದಿದ್ದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಮಾತ್ರ ಬಿಲ್. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಕೂಲರ್ ಹಗಲು ರಾತ್ರಿ ಓಡುವ ತಿಂಗಳಲ್ಲಿ ನಾಲ್ವರ ಮನೆ ಈ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಹಿಂದಿನ ಬಿಲ್ಲಿನಿಂದ ನೀವು ಹೊರಡುವವರೆಗೆ 90 ಯೂನಿಟ್ ಆಗಿ, ತಿಂಗಳ ಕೊನೆಗೆ ಒಟ್ಟು 240 ಆದರೆ, ಬಿಲ್ಲಿನ 240ರಲ್ಲಿ 90 ಭಾಗವನ್ನು ನಾಲ್ವರು ಸಮನಾಗಿಯೂ ಉಳಿದ 150 ಭಾಗವನ್ನು ಮೂವರೂ ಹೊರಬೇಕು. ದಿನಗಳ ಲೆಕ್ಕದಲ್ಲಿ ಹಂಚುವುದಕ್ಕಿಂತ ಯೂನಿಟ್ ಲೆಕ್ಕ ಹೆಚ್ಚು ನ್ಯಾಯವಾದದ್ದು.

ಮನೆ ಸ್ವಚ್ಛಗೊಳಿಸುವಾಗ

ಇಲ್ಲಿಯ ಬಹಳಷ್ಟು ಮನೆಗಳ ನೆಲ ಶಹಾಬಾದಿ ಕಲ್ಲಿನದು. ಅದು ಸುಣ್ಣಕಲ್ಲು, ಆಮ್ಲ ತಾಗಿದರೆ ನೊರೆಯೆದ್ದು ಮೇಲ್ಮೈ ಕೊರೆದುಹೋಗುತ್ತದೆ, ಹೊಳಪು ಮಾಯವಾಗಿ ಬಿಳುಪಾದ ಮಚ್ಚೆಗಳು ಉಳಿಯುತ್ತವೆ. ಕೊನೆಯ ದಿನ ಉತ್ಸಾಹದಿಂದ ಪಾಯಿಖಾನೆ ತೊಳೆಯುವ ಆಸಿಡ್ಡನ್ನು ನೆಲಕ್ಕೂ ಸುರಿದು, ಡಿಪಾಸಿಟ್ಟಿನಲ್ಲಿ ದೊಡ್ಡ ಮೊತ್ತವನ್ನು ಕಳೆದುಕೊಳ್ಳುವವರಿದ್ದಾರೆ. ನಿಂಬೆಹಣ್ಣು, ವಿನೆಗರ್ ಕೂಡ ಆ ಕಲ್ಲಿಗೆ ಬೇಡ. ಬಿಸಿನೀರು, ಸಾಬೂನಿನ ಪುಡಿ, ತೆಂಗಿನ ನಾರು ಇಷ್ಟೇ ಸಾಕು. ಎಣ್ಣೆಯ ಕಲೆಗೆ ಸೋಡಾ ಪುಡಿಯನ್ನು ನೀರಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಉಜ್ಜಬಹುದು. ಗಡಸು ನೀರಿನಿಂದ ನಲ್ಲಿಗಳ ಮೇಲೆ ಕಟ್ಟಿದ ಬಿಳಿ ಪದರಕ್ಕೆ ಮಾತ್ರ ವಿನೆಗರ್ ಅದ್ದಿದ ಬಟ್ಟೆಯನ್ನು ಸುತ್ತಿಟ್ಟು ತೆಗೆಯಬಹುದು, ಕೆಳಗಿನ ಕಲ್ಲಿನ ಮೇಲೆ ಹನಿ ಬೀಳದಂತೆ ಒಂದು ತಟ್ಟೆ ಇಟ್ಟು.

ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ ಮರಳುಕಾಗದದಿಂದ ಉಜ್ಜಿದರೆ ಆಯಿತು. ಕಿಟಕಿಯಲ್ಲಿ ಕೂಲರ್ ಇಟ್ಟ ಜಾಗದ ತುಕ್ಕಿನ ಕಲೆ, ಮಾಳಿಗೆಯ ಮೇಲೆ ಹಾಸಿಗೆಗಳೊಂದಿಗೆ ಸೇರಿದ ಹಳೆಯ ಚಾಪೆಗಳು, ನೀರಿನ ಟ್ಯಾಂಕಿನ ಮುಚ್ಚಳ ಇವನ್ನು ಮರೆಯುವವರೇ ಹೆಚ್ಚು. ಹೊಸಿಲು ತೊಳೆದು ಒಂದು ಸಣ್ಣ ರಂಗೋಲಿ ಎಳೆದು ಕೀಲಿಕೈ ಒಪ್ಪಿಸುವ ಪದ್ಧತಿಯನ್ನು ಹುಡುಗರು ಮಾತ್ರ ಇರುವ ಮನೆಗಳಲ್ಲಿಯೂ ಪಾಲಿಸಬಹುದು. ಮಾಲೀಕರ ಮನೆಯ ಅಕ್ಕನವರಿಗೆ ಅದು ಬಹಳ ಹಿಡಿಸುತ್ತದೆ.

ಮನೆಯ ಹೊರಗಿನವರು

ಒಂದು ಹಂಚಿಕೆಯ ಮನೆಯನ್ನು ನಡೆಸಿದವರಲ್ಲಿ ಕರಾರಿನಲ್ಲಿ ಹೆಸರಿಲ್ಲದವರು ಅನೇಕರು: ರೊಟ್ಟಿ ತಟ್ಟಿಕೊಡುವ ಅಮ್ಮ, ಖಾನಾವಳಿಯವರು, ಹಾಲಿನವರು, ಇಸ್ತ್ರಿಯವರು, ತಿಂಗಳ ಕೊನೆಯ ವಾರ ಕೇಳದೆ ಉದ್ರಿ ಕೊಟ್ಟ ಕಿರಾಣಿ ಅಂಗಡಿಯವರು. ಇವರಿಗೆಲ್ಲ ಹದಿನೈದು ದಿನ ಮುಂಚೆಯಾದರೂ ತಿಳಿಸಬೇಕು. ನಾಲ್ವರ ರೊಟ್ಟಿ ನಿಂತುಹೋಗುವುದು ರೊಟ್ಟಿ ಮಾಡಿ ಬದುಕುವವರ ಆದಾಯಕ್ಕೆ ದೊಡ್ಡ ಪೆಟ್ಟು. ಮನೆಗೆಲಸದವರಿಗೆ ತಿಂಗಳ ನಡುವೆ ಹೊರಟರೂ ಪೂರ್ತಿ ತಿಂಗಳ ಸಂಬಳ ಕೊಟ್ಟು, ಆಗುವುದಾದರೆ ನಿಮ್ಮ ಪರಿಚಯದ ಇನ್ನೊಂದು ಮನೆಯಲ್ಲಿ ಕೆಲಸ ಗೊತ್ತುಮಾಡಿಕೊಡುವುದು ಕರ್ತವ್ಯವೆಂದೇ ನನ್ನ ಅಭಿಪ್ರಾಯ.

ಉದ್ರಿ ಪುಸ್ತಕದ ಬಾಕಿ ತೀರಿಸುವಾಗ ಒಬ್ಬರೇ ಹೋಗದೆ, ಖಾತೆ ಬಳಸುತ್ತಿದ್ದ ಎಲ್ಲರೂ ಹೋಗಬೇಕು. ಯಾರ ಸಿಗರೇಟು ಯಾರ ಲೆಕ್ಕದಲ್ಲಿ ಬರೆದಿದೆ ಎಂಬುದು ಅಲ್ಲಿಯೇ ಇತ್ಯರ್ಥವಾಗಲಿ. ಬಾಕಿ ಕೊಟ್ಟ ಮೇಲೆ ಅದೇ ಅಂಗಡಿಯಲ್ಲಿ ಐದು ಕಿಲೊ ತೊಗರಿಬೇಳೆ ಕೊಳ್ಳಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಊರಿನಲ್ಲಿರುವ ತಾಯಂದಿರಿಗೆ ಇದಕ್ಕಿಂತ ಉಪಯುಕ್ತವಾದ ಕಾಣಿಕೆ ಇಲ್ಲಿ ಸಿಗದು.

ಹೆಣ್ಣುಮಕ್ಕಳು ಸೇರಿ ಇದ್ದ ಮನೆಯಾದರೆ ಮಾಲೀಕರ ಮನೆಯವರೋ ನೆರೆಯವರೋ ಕರೆದು ಉಡಿ ತುಂಬುವುದುಂಟು: ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಅಡಿಕೆ. ಗಡಿಬಿಡಿಯಿದ್ದರೂ ಅದಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬೇಕು. ಹೋಗುವಾಗ ಹಣ್ಣು ಅಥವಾ ಸಿಹಿ ಒಯ್ದರೆ ಸಾಕು, ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸುವುದಿಲ್ಲ.

ಬೀಳ್ಕೊಡುಗೆ

ಕಚೇರಿಯ ಬೀಳ್ಕೊಡುಗೆಗೆ ಅದರದೇ ಆದ ರೀತಿಯಿದೆ: ಶಾಲು, ಹಾರ, ಹಿರಿಯರ ಎರಡು ಮಾತು, ಅವಲಕ್ಕಿ ಅಥವಾ ಸುಸಲಾ, ಮಿರ್ಚಿ, ಚಹಾ. ಅಲ್ಲಿ ಮಾತಾಡುವವರು ಮನೆಯೊಳಗಿನ ಸಂಗತಿಗಳನ್ನು ತೆಗೆಯಬಾರದು. ಜೊತೆಗಾರರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದರೆಂಬುದು ಮೇಲಧಿಕಾರಿಗಳ ಎದುರಿನ ಹಾಸ್ಯಕ್ಕೆ ಒಳ್ಳೆಯ ವಸ್ತುವಲ್ಲ.

ಮನೆಯ ಊಟವನ್ನು ಹೊರಡುವ ಹಿಂದಿನ ರಾತ್ರಿ ಇಟ್ಟುಕೊಳ್ಳಬೇಡಿ. ಅಂದು ಪಾತ್ರೆಗಳೆಲ್ಲ ಚೀಲದಲ್ಲಿರುತ್ತವೆ, ಹೋಗುವವರ ಗಮನ ಗಾಡಿಯವನ ಫೋನಿನ ಮೇಲಿರುತ್ತದೆ. ಎರಡು ಮೂರು ದಿನ ಮುಂಚಿನ ಸಂಜೆ ಸರಿ. ಬೇಸಿಗೆಯಾದರೆ ಬಿಸಿಲಿಳಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ, ಚಾಪೆ ಹಾಸಿ ಕೂರಬಹುದು. ಅಡುಗೆ ಏನೆಂಬುದನ್ನು ಹೋಗುವವರನ್ನೇ ಕೇಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು ಇಷ್ಟಕ್ಕೆ ಹೆಚ್ಚಿನವರು ತೃಪ್ತರು. ಮಸಾಲೆ ಅನ್ನವಾದ ತಹರಿಯನ್ನು ಬೇಡವೆನ್ನುವವರೂ ಅಪರೂಪ. ಒಂದೇ ಮನೆಯಲ್ಲಿ ಮಾಂಸ ತಿನ್ನುವವರೂ ತಿನ್ನದವರೂ ಇದ್ದರೆ ವರ್ಷಗಟ್ಟಲೆ ನಡೆಸಿಕೊಂಡು ಬಂದ ಹೊಂದಾಣಿಕೆಯನ್ನು ಈ ಒಂದು ದಿನ ಮುರಿಯುವುದು ತರವಲ್ಲ. ಖರ್ಚನ್ನು ಉಳಿಯುವವರು ಹೊರಬೇಕು, ಹೋಗುವವರಿಂದ ಪಾಲು ಕೇಳಬಾರದು. ಎಲ್ಲರೂ ಹೋಗುವುದಾದರೆ ಸಮಪಾಲು.

ಉಡುಗೊರೆ ಚೀಲದಲ್ಲಿ ಹಿಡಿಸುವಂಥದ್ದಾಗಿರಲಿ. ಗಾಜಿನ ಚೌಕಟ್ಟಿನ ದೊಡ್ಡ ಚಿತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ರಾತ್ರಿಯಿಡೀ ಪ್ರಯಾಣ ಮಾಡುವವರನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು. ಬೀದರಿನ ಬಿದ್ರಿ ಕೆಲಸದ ಒಂದು ಸಣ್ಣ ವಸ್ತು ಚೆನ್ನಾಗಿ ಒಪ್ಪುತ್ತದೆ: ಸತು ಹೆಚ್ಚಾಗಿರುವ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನ ಸಹಾಯದಿಂದ ಕಪ್ಪುಗೊಳಿಸಿದ ಆ ಕೆಲಸ ಈ ಸೀಮೆಯದೇ. ಹಣ ಕೂಡಿಸುವಾಗ ಮೊತ್ತವನ್ನು ನಿಗದಿಪಡಿಸದೆ, ಕೊಟ್ಟದ್ದನ್ನು ಒಬ್ಬರೇ ಲೆಕ್ಕವಿಟ್ಟುಕೊಳ್ಳುವುದು ಒಳಿತು. ಹೊಸದಾಗಿ ಕೆಲಸಕ್ಕೆ ಸೇರಿದ ಗುತ್ತಿಗೆ ನೌಕರರಿಗೆ ಐನೂರು ರೂಪಾಯಿಯೂ ಭಾರವಾಗಬಹುದು.

ಸಾಧ್ಯವಾದರೆ ಒಂದು ಭಾನುವಾರ ಎಲ್ಲರೂ ಸೇರಿ ಊರು ಸುತ್ತಿ. ಇಷ್ಟು ವರ್ಷ ಇದ್ದೂ ಕೋಟೆಯೊಳಗೆ ಕಾಲಿಡದವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. 1367ರಲ್ಲಿ ಕಟ್ಟಿದ, ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಅಲ್ಲಿಯ ಜಾಮಾ ಮಸೀದಿಯ ಕಮಾನುಗಳ ಕೆಳಗೆ ಗುಂಪಿನ ಫೋಟೊ ಚೆನ್ನಾಗಿ ಬರುತ್ತದೆ. ಹೊರಡುವ ಮುನ್ನ ಶರಣಬಸವೇಶ್ವರರ ಗುಡಿಗೂ ಬಂದೇನವಾಜರ ದರ್ಗಾಕ್ಕೂ ಹೋಗಿ ಬರುವುದು ಇಲ್ಲಿ ಇದ್ದು ಹೋಗುವ ಬಹಳ ಜನರ ರೂಢಿ.

ಸಾಗಣೆ ಮತ್ತು ಆಮೇಲಿನ ಕೆಲಸ

ಬೈಕನ್ನು ರೈಲಿನಲ್ಲಿ ಕಳಿಸುವವರು ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿಗಳೊಂದಿಗೆ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಹೋಗಬೇಕು. ಸಿಲಿಂಡರನ್ನು ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಒಯ್ಯುವಂತಿಲ್ಲ. ಊರೊಳಗಿನ ಸ್ಥಳಾಂತರಕ್ಕೆ ಲಗೇಜ್ ಆಟೊ ಸಾಕು. ಬೆಲೆಯನ್ನು ಮಹಡಿ ಹತ್ತಿಸಿ ಇಳಿಸುವ ಕೂಲಿಯೂ ಸೇರಿ ಮಾತಾಡಿಕೊಳ್ಳಿ.

ಮತದಾರರ ಪಟ್ಟಿಯಲ್ಲಿ ಇಲ್ಲಿ ಹೆಸರಿದ್ದರೆ ಹೊಸ ವಿಳಾಸಕ್ಕೆ ನಮೂನೆ 8ರಲ್ಲಿ ಅರ್ಜಿ ಹಾಕಬೇಕು. ಬ್ಯಾಂಕು, ವಿಮೆಯ ಪತ್ರಗಳು ಇನ್ನೂ ಕೆಲವು ತಿಂಗಳು ಹಳೆಯ ಮನೆಗೇ ಬರುತ್ತಿರುತ್ತವೆ. ಉಳಿಯುವವರಲ್ಲಿ ಒಬ್ಬರಿಗೆ ಅವನ್ನು ತೆಗೆದಿಡಲು ಹೇಳಿ, ಯಾರೂ ಉಳಿಯದಿದ್ದರೆ ಬಡಾವಣೆಯ ಅಂಚೆ ಕಚೇರಿಗೆ ಹೊಸ ವಿಳಾಸವನ್ನು ಬರೆದುಕೊಡಿ.

ಮನೆಯ ವಾಟ್ಸ್‌ಆ್ಯಪ್ ಗುಂಪನ್ನು ಹೊರಟ ದಿನವೇ ಬಿಡಬೇಡಿ. ಕೊನೆಯ ಕರೆಂಟ್ ಬಿಲ್ ಬಂದು, ಡಿಪಾಸಿಟ್ ಖಾತೆಗೆ ಜಮೆಯಾಗಿ, ಹಂಚಿಕೆಯ ಲೆಕ್ಕದ ಹಾಳೆಯ ಫೋಟೊವನ್ನು ಅಲ್ಲಿ ಹಾಕಿ ಎಲ್ಲರೂ ಒಪ್ಪಿದೆವೆಂದು ಬರೆಯುವವರೆಗೆ ಅದು ಇರಲಿ. ಡಿಪಾಸಿಟ್ ಹೇಳಿದ ದಿನಕ್ಕೆ ಬಾರದಿದ್ದರೆ ಮೊದಲು ಮಾಲೀಕರಿಗೆ ಫೋನು, ಆಮೇಲೂ ತಡವಾದರೆ ಎಲ್ಲರ ಸಹಿಯಿರುವ ಪತ್ರವನ್ನು ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ. ಖಾಲಿ ಮಾಡುವ ದಿನ ಪಡೆದ ಸಹಿ, ಮೀಟರಿನ ಫೋಟೊ, ಮನೆಯ ಫೋಟೊಗಳು ಆಗ ಬೇಕಾಗುತ್ತವೆ, ಆದ್ದರಿಂದ ಹಣ ಬರುವ ತನಕ ಫೋನಿನಿಂದ ಅವನ್ನು ಅಳಿಸಬಾರದು.